ಕಂದು ಫೋಟೊ ಎಂದರೆ ಮಾಸಿದ ಫೋಟೊ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆಯ ಫೋಟೊ ಆಲ್ಬಂಗಳ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿತ್ತು, ಎರಡು ಸಲ ಓದಿದೆ. ಆದರೆ ಮೂರನೇ ಪ್ಯಾರಾದಲ್ಲಿ ಒಂದು ಮಾತಿತ್ತು. ಕಪ್ಪು ಬಿಳುಪು ಚಿತ್ರಗಳು ವರ್ಷ ಕಳೆದಂತೆ ಮಾಸಿ ಸೆಪಿಯಾ, ಅಂದರೆ ಕಂದು, ಬಣ್ಣಕ್ಕೆ ತಿರುಗುತ್ತವೆ ಅಂತ. ಅಲ್ಲಿಗೆ ಬಂದವಳು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾನು 28 ವರ್ಷ ಒಂದು ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕಿದವಳು. ಫೋಟೊ ತೆಗೆದವರ ಹೆಸರು ಕೆಳಗೆ ಅಚ್ಚಾಗುತ್ತದೆ. ಕತ್ತಲಲ್ಲಿ ನಿಂತು ಅದನ್ನು ಕಾಗದಕ್ಕೆ ಇಳಿಸಿದವರ ಹೆಸರು ಯಾರಿಗೂ ಬೇಕಾಗಿಲ್ಲ. ಇರಲಿ, ಅದಕ್ಕೆ ಬೇಜಾರಿಲ್ಲ. ಆದರೆ ಸೆಪಿಯಾ ಬಣ್ಣ ತಾನಾಗಿಯೇ ಬರುತ್ತದೆ ಅಂದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಅದನ್ನು ಬರಿಸೋದಕ್ಕೆ ಸಹಿಸಿಕೊಂಡ ನಾತ, ಹಳದಿಯಾದ ಉಗುರು, ಕೈಯಾರೆ ಹಾಳು ಮಾಡಿಕೊಂಡ ಒಂದು ಪೆಟ್ಟಿಗೆ ಪೇಪರ್, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿ ಹೇಗೂ ನಿಮ್ಮ ಕೈಯಲ್ಲೇ ಇದೆ.

ವಿಷಯ ಇಷ್ಟೇ. ಸೆಪಿಯಾ ಫೋಟೊದ ಮುಪ್ಪಲ್ಲ. ಅದು ಬೇಕಂತಲೇ ಮಾಡಿದ ಕೆಲಸ. ಅದೂ ಬರೀ ಚೆಂದಕ್ಕಲ್ಲ, ಫೋಟೊ ಹೆಚ್ಚು ಕಾಲ ಬಾಳಲಿ ಅಂತ. ನಿಮ್ಮ ಬರಹದಲ್ಲಿ ಇರುವುದಕ್ಕೆ ಪೂರ್ತಿ ಉಲ್ಟಾ.

ಕಪ್ಪು ಬಿಳುಪು ಪ್ರಿಂಟಿನಲ್ಲಿ ಕಾಣುವ ಕಪ್ಪು ಶಾಯಿಯಲ್ಲ, ಬೆಳ್ಳಿ. ಕಾಗದದ ಮೇಲಿನ ಜೆಲಾಟಿನ್ ಪದರದೊಳಗೆ ಸಿಕ್ಕಿಕೊಂಡಿರುವ ಬೆಳ್ಳಿಯ ಕಣಗಳು. ಅಷ್ಟು ಸಣ್ಣದಾದಾಗ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಗೆ ಕಾಣುತ್ತದೆ. ಗಟ್ಟಿ ಬೆಳ್ಳಿಯನ್ನೇ ಗಾಳಿಗಿಟ್ಟರೆ ಕರ್ರಗಾಗುತ್ತದೆ ಅಲ್ವಾ? ಇನ್ನು ಇಷ್ಟು ಸಣ್ಣ ಕಣಗಳ ಪಾಡು ಏನಾಗಬೇಡ. ಗಾಳಿಯಲ್ಲಿರುವ ಗಂಧಕದ ಅನಿಲಗಳು, ಹೊಸ ಪೇಂಟಿನಿಂದ ಏಳುವ ಆವಿ, ಅಗ್ಗದ ರಟ್ಟು, ತೇವ, ಎಲ್ಲವೂ ಅದನ್ನು ಮೆಲ್ಲಗೆ ತಿನ್ನುತ್ತವೆ. ಟೋನಿಂಗ್ ಮಾಡುವುದು ಎಂದರೆ ಈ ಬೆಳ್ಳಿಯನ್ನು ಅಷ್ಟು ಸುಲಭಕ್ಕೆ ಕೆಡದ ಇನ್ನೊಂದು ವಸ್ತುವಾಗಿ ಬದಲಾಯಿಸುವುದು. ಸೆಪಿಯಾದಲ್ಲಿ ಅದು ಸಿಲ್ವರ್ ಸಲ್ಫೈಡ್ ಆಗುತ್ತದೆ. ಗಂಧಕಕ್ಕೆ ಹೆದರುವ ಬೆಳ್ಳಿಗೆ ನಾವೇ ಮೊದಲು ಗಂಧಕ ಉಣ್ಣಿಸಿಬಿಡುತ್ತೇವೆ. ಆಮೇಲೆ ಗಾಳಿಯ ಗಂಧಕ ಬಂದರೂ ಅದಕ್ಕೆ ಅಲ್ಲಿ ಮಾಡಲು ಕೆಲಸ ಉಳಿದಿರುವುದಿಲ್ಲ.

ಹೇಳಿದರೆ ಎರಡು ಸಾಲು. ಮೊದಲ ಸಲ ಮಾಡಿದಾಗ ನಾನು ಅತ್ತುಬಿಟ್ಟಿದ್ದೆ.

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮೇಷ್ಟ್ರು (ಕೆಲಸ ಕಲಿಸಿದವರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು) ನನ್ನ ಕೈಗೆ ಒಂದು ಪ್ರಿಂಟ್ ಕೊಟ್ಟರು. ಕಪ್ಪು ಕೋಟು ಹಾಕಿ ಕುರ್ಚಿಯಲ್ಲಿ ಕೂತ ವಯಸ್ಸಾದ ಒಬ್ಬರ ಚಿತ್ರ. ಅದನ್ನು ಹಾಕಲು ನನಗೆ ಅರ್ಧ ದಿನ ಹಿಡಿದಿತ್ತು. ನಾಲ್ಕು ಪೇಪರ್ ಕಸದ ಬುಟ್ಟಿಗೆ ಹೋಗಿ ಐದನೆಯದು ಸರಿಯಾಗಿ ಬಂದಿತ್ತು. ಅದನ್ನು ಹಳದಿ ನೀರಿನ ಟ್ರೇಗೆ ಹಾಕು ಅಂದರು. ಹಾಕಿದೆ. ಅದು ಬ್ಲೀಚ್. ಪೊಟ್ಯಾಸಿಯಂ ಫೆರಿಸೈನೈಡ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ಕಲಸಿದ ನೀರು. ಟ್ರೇ ಅಲ್ಲಾಡಿಸುತ್ತಾ ನಿಂತೆ. ಮೊದಲು ಕೆನ್ನೆ ಹೋಯಿತು. ಆಮೇಲೆ ಬಿಳಿ ಅಂಗಿಯ ಮಡಿಕೆಗಳು. ಹಣೆಯ ಗೆರೆಗಳು. ಕಣ್ಣು ಸ್ವಲ್ಪ ಹೊತ್ತು ನಿಂತಿತ್ತು, ಅದೂ ಹೋಯಿತು. ಕೊನೆಗೆ ಒಂದು ಕೋಟು ಮಾತ್ರ ಖಾಲಿ ಕುರ್ಚಿಯ ಮೇಲೆ ಕೂತಿತ್ತು. ನೋಡನೋಡುತ್ತಾ ಆ ಕೋಟೂ ಕರಗಿತು. ಉಳಿದದ್ದು ಒದ್ದೆ ಮಣ್ಣಿನ ಬಣ್ಣದ ಒಂದು ತೆಳು ನೆರಳು. ಅರ್ಧ ದಿನದ ಕೆಲಸ ನೀರಲ್ಲಿ ಹೋಯಿತು ಅಂತ ನನಗೆ ಕಣ್ಣಲ್ಲಿ ನೀರು.

ಮೇಷ್ಟ್ರು ನಗಲಿಲ್ಲ. ಪ್ರಿಂಟ್ ತೆಗೆದು ತೊಳಿ ಅಂದರು. ಹಳದಿ ಬಿಡುವ ತನಕ ತೊಳೆದೆ. ಬಿಳಿ ಭಾಗದಲ್ಲಿ ಚೂರೂ ಹಳದಿ ಇರಬಾರದು, ಇದ್ದರೆ ಮುಂದೆ ಕಲೆ. ಆಮೇಲೆ ಎರಡನೇ ಟ್ರೇ, ಸೋಡಿಯಂ ಸಲ್ಫೈಡ್. ಮುಚ್ಚಳ ತೆಗೆದದ್ದೇ ತಡ, ಕೊಳೆತ ಮೊಟ್ಟೆಯ ನಾತ ಕೋಣೆಯೆಲ್ಲ ತುಂಬಿತು. ಪ್ರಿಂಟ್ ಒಳಗೆ ಜಾರಿಸಿದೆ. ನಿಧಾನಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಇಲ್ಲ, ದಡಬಡ ಅಂತ ಬಂತು. ಕೋಟು, ಕುರ್ಚಿ, ಕೆನ್ನೆ, ಹಣೆಗೆರೆ, ಎಲ್ಲ ಒಟ್ಟಿಗೆ. ಒಂದು ನಿಮಿಷವೂ ಆಗಿರಲಿಲ್ಲ, ಇಡೀ ಮನುಷ್ಯ ವಾಪಸ್ ಬಂದು ಕೂತಿದ್ದರು, ಬೆಚ್ಚಗಿನ ಕಂದು ಬಣ್ಣದಲ್ಲಿ.

ಬ್ಲೀಚಿನಲ್ಲಿ ಚಿತ್ರ ಕರಗಿ ಹೋಗಿರಲಿಲ್ಲ. ಬೆಳ್ಳಿ ಇದ್ದ ಜಾಗದಲ್ಲೇ ಸಿಲ್ವರ್ ಬ್ರೋಮೈಡ್ ಆಗಿ ಕೂತಿತ್ತು, ಅದರ ಬಣ್ಣ ತೀರಾ ತೆಳು ಅಷ್ಟೆ. ಆ ಹಂತದಲ್ಲಿ ಮನಸ್ಸು ಬದಲಾದರೆ ಚಿತ್ರ ಮೂಡಿಸುವ ಮಾಮೂಲಿ ಡೆವಲಪರ್‌ಗೆ ಹಾಕಿದರೂ ಆಯಿತು, ಮತ್ತೆ ಕಪ್ಪಾಗಿ ಬರುತ್ತದೆ. ಅದನ್ನು ಮೇಷ್ಟ್ರು ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ.

ಇನ್ನು ಆ ಪೇಪರ್ ಪೆಟ್ಟಿಗೆಯ ಕಥೆ. ಇದು ಪೂರ್ತಿ ನನ್ನದೇ ತಪ್ಪು. ಸಲ್ಫೈಡ್ ಕೆಲಸ ಡಾರ್ಕ್‌ರೂಮಿನ ಒಳಗೆ ಮಾಡಬಾರದು. ಟೋನಿಂಗಿಗೆ ಕತ್ತಲು ಬೇಕಿಲ್ಲ, ಕಿಟಕಿ ತೆರೆದ ಜಾಗದಲ್ಲೇ ಮಾಡಬಹುದು, ಮಾಡಬೇಕು. ಒಂದು ಮಳೆಗಾಲದ ದಿನ ಹೊರಗೆ ಜಾಗ ಒದ್ದೆ ಅಂತ ಟ್ರೇ ಒಳಗೇ ಇಟ್ಟುಕೊಂಡೆ. ಮೇಲಿನ ಹಲಗೆಯಲ್ಲಿ ಪ್ರಿಂಟ್ ಹಾಕುವ ಬ್ರೋಮೈಡ್ ಪೇಪರಿನ ಆಗಷ್ಟೇ ಒಡೆದ ಪೆಟ್ಟಿಗೆ ಇತ್ತು. ಮರುದಿನ ಯಾವ ಪ್ರಿಂಟ್ ಹಾಕಿದರೂ ಬಿಳಿ ಬರಲಿಲ್ಲ. ಎಲ್ಲವೂ ಮಂಕು ಬೂದು. ಡೆವಲಪರ್ ಬದಲಾಯಿಸಿದೆ. ಪೇಪರನ್ನು ಕೆಡಿಸದ ಮಂದ ದೀಪ, ಸೇಫ್‌ಲೈಟ್, ಅದರ ಬಲ್ಬು ಬದಲಾಯಿಸಿದೆ. ಬಾಗಿಲ ಸಂದಿಗೆ ಬಟ್ಟೆ ತುರುಕಿದೆ. ಕೊನೆಗೆ ಬೆಳಕೇ ತೋರಿಸದ ಒಂದು ಹಾಳೆಯನ್ನು ನೇರ ಡೆವಲಪರ್‌ಗೆ ಹಾಕಿದಾಗ ಅದೂ ಬೂದಾಯಿತು. ಆಗ ಗೊತ್ತಾಯಿತು, ಹಿಂದಿನ ದಿನದ ನಾತವೇ ಪೇಪರನ್ನು ಮುಗಿಸಿತ್ತು. ಹೈಡ್ರೋಜನ್ ಸಲ್ಫೈಡ್ ಅನಿಲ ತಾಗಿದರೆ ಸಾಕು, ಬೆಳಕೇ ಬೀಳದ ಪೇಪರೂ ಮಂಜಾಗುತ್ತದೆ. ಜೊತೆಗೆ ಅದು ವಿಷ ಕೂಡ. ಸಲ್ಫೈಡ್ ಟ್ರೇಗೆ ಆಸಿಡ್ ಬಿದ್ದರೆ ಆ ಅನಿಲ ಒಮ್ಮೆಗೇ ಏಳುತ್ತದೆ. ಡೆವಲಪರ್ ಆದ ಮೇಲೆ ಅದ್ದುವ ಆಸಿಡ್ ನೀರು, ಅಂದರೆ ಸ್ಟಾಪ್ ಬಾತ್, ಮುಟ್ಟಿದ ಕೈಯನ್ನೂ ತೊಳೆದುಕೊಂಡೇ ಸಲ್ಫೈಡ್ ಹತ್ತಿರ ಹೋಗಬೇಕು. ಫೆರಿಸೈನೈಡ್ ಹೆಸರಲ್ಲಿ ಸೈನೈಡ್ ಇದೆ ಅಂತ ಹೊಸಬರು ಅದಕ್ಕೇ ಜಾಸ್ತಿ ಹೆದರುತ್ತಾರೆ. ಅದನ್ನೂ ಗಟ್ಟಿ ಆಸಿಡ್‌ನಿಂದ ದೂರ ಇಡಲೇಬೇಕು ಅನ್ನಿ. ಆದರೆ ದಿನನಿತ್ಯದ ಕೆಲಸದಲ್ಲಿ ಉಸಿರಿಗೆ ತೊಂದರೆ ಕೊಡುವುದು ಎರಡನೇ ಟ್ರೇ.

ಆಮೇಲಾಮೇಲೆ ನಾನು ಎರಡನೇ ಟ್ರೇಗೆ ಸಲ್ಫೈಡ್ ಬಿಟ್ಟು ಥಯೋಯೂರಿಯಾಕ್ಕೆ ಬದಲಾದೆ. ಅದಕ್ಕೆ ಆ ನಾತ ಇಲ್ಲ. ಎರಡು ಬಾಟಲಿ ಇಟ್ಟುಕೊಳ್ಳುವುದು, ಒಂದರಲ್ಲಿ ಥಯೋಯೂರಿಯಾ, ಇನ್ನೊಂದರಲ್ಲಿ ಕಾಸ್ಟಿಕ್ ಸೋಡಾ. ಬೆರೆಸುವ ಅಳತೆ ಬದಲಿಸಿದರೆ ಬಣ್ಣವೂ ಬದಲು. ಕಾಸ್ಟಿಕ್ ಜಾಸ್ತಿಯಾದರೆ ಗಾಢ ಕಂದು, ಕಡಿಮೆಯಾದರೆ ಹಳದಿ ಕಡೆಗೆ ವಾಲುತ್ತದೆ. ಒಂದೇ ನೆಗೆಟಿವ್‌ನ ಆರು ಪ್ರಿಂಟ್ ಆರು ಬಣ್ಣದಲ್ಲಿ ತೆಗೆದಿದ್ದೇನೆ. ನಾತ ಇಲ್ಲ ಅಂದಮಾತ್ರಕ್ಕೆ ಸಾಧು ಅಲ್ಲ, ಕೈಗವಸು ಬೇಕೇ ಬೇಕು. ಅದರ ಹನಿ ಬಿದ್ದ ಕಡೆಯೂ ಪೇಪರ್ ಮಂಜಾಗುತ್ತದೆ.

ಇನ್ನೊಂದು ಪಜೀತಿ ನೀಲಿ ಚುಕ್ಕೆ. ಕಂದು ಪ್ರಿಂಟಿನ ಮೇಲೆ, ಅದೂ ಮುಖದ ಮೇಲೇ, ಸೂಜಿ ಮೊನೆಯಷ್ಟು ಕಡುನೀಲಿ ಚುಕ್ಕೆಗಳು ಬರುತ್ತಿದ್ದವು. ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ನಲ್ಲಿಯ ಕಬ್ಬಿಣದ ಪೈಪಿನ ತುಕ್ಕು. ತುಕ್ಕಿನ ಪುಡಿ ನೀರಿನ ಜೊತೆ ಬಂದು ಬ್ಲೀಚಿಗೆ ಸೇರಿದರೆ ಪ್ರಷ್ಯನ್ ನೀಲಿ ಹುಟ್ಟುತ್ತದೆ. ನಲ್ಲಿಗೆ ಬಟ್ಟೆ ಕಟ್ಟಿದ ಮೇಲೆ ನಿಂತಿತು.

ಇಷ್ಟೆಲ್ಲ ಮಾಡಿ ಬರಿಸಿದ ಬಣ್ಣವನ್ನು ಮಾಸಿದೆ ಅಂದುಬಿಟ್ಟರೆ ಹೇಗೆ ಸ್ವಾಮಿ?

ಹಾಗಾದರೆ ನಿಜವಾಗಿ ಮಾಸಿದ ಫೋಟೊ ಹೇಗಿರುತ್ತದೆ ಅಂತ ನೀವು ಕೇಳಬಹುದು. ಪಕ್ಕಪಕ್ಕ ಇಟ್ಟರೆ ಯಾರಿಗೂ ಗೊತ್ತಾಗುತ್ತದೆ. ಟೋನ್ ಮಾಡಿದ ಪ್ರಿಂಟಿನಲ್ಲಿ ಕಂದು ಎಲ್ಲ ಕಡೆ ಸಮನಾಗಿರುತ್ತದೆ. ನೆರಳು ಗಟ್ಟಿಯಾಗಿರುತ್ತದೆ. ಬಿಳಿ ಅಂಗಿಯ ಮಡಿಕೆ, ಮೋಡದ ಅಂಚು, ಇಂಥ ತೆಳು ವಿವರಗಳು ಇದ್ದಲ್ಲೇ ಇರುತ್ತವೆ. ಮಾಸಿದ ಪ್ರಿಂಟಿನಲ್ಲಿ ಮೊದಲು ಮಾಯವಾಗುವುದೇ ಆ ತೆಳು ವಿವರ. ಬಿಳಿ ಇದ್ದ ಕಡೆ ಹಳದಿ. ಒಂದು ಅಂಚಿನಲ್ಲಿ ಜಾಸ್ತಿ, ನಡುವೆ ಕಡಿಮೆ. ಕೆಲವು ಸಲ ಹೆಬ್ಬೆರಳಿನ ಗುರುತು ಕೂಡ ಹಳದಿಯಾಗಿ ಎದ್ದಿರುತ್ತದೆ. ಪ್ರಿಂಟನ್ನು ಓರೆ ಮಾಡಿ ಬೆಳಕಿಗೆ ಹಿಡಿಯಿರಿ. ಕಪ್ಪು ಭಾಗದ ಅಂಚಿನಲ್ಲಿ ಕನ್ನಡಿಯ ಹಾಗೆ ನೀಲಿ ಬೆಳ್ಳಿಯ ಹೊಳಪು ಕಂಡರೆ, ಒಳಗಿನ ಬೆಳ್ಳಿ ಕೆಟ್ಟು ಮೇಲಕ್ಕೆ ಬಂದು ಕೂತಿದೆ ಅಂತ ಅರ್ಥ. ಹೀಗೆ ಮೇಲೆದ್ದ ಬೆಳ್ಳಿಯನ್ನು ಪೂರ್ತಿ ಟೋನ್ ಮಾಡಿದ ಸೆಪಿಯಾ ಪ್ರಿಂಟಿನ ಮೇಲೆ ನಾನು ಒಮ್ಮೆಯೂ ನೋಡಿಲ್ಲ.

ಹಳದಿಯಾಗುವುದಕ್ಕೆ ಬಹಳ ಸಲ ಕಾರಣ ಗಾಳಿಯೂ ಅಲ್ಲ, ಕಾಲವೂ ಅಲ್ಲ. ತೊಳೆದವರ ಸೋಮಾರಿತನ. ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ನಿಲ್ಲಿಸುವ ಫಿಕ್ಸರ್, ಅಂದರೆ ನಾವು ಹೈಪೋ ಅನ್ನುತ್ತೇವಲ್ಲ, ಅದರಲ್ಲೂ ಗಂಧಕ ಇದೆ. ತೊಳೆಯದೆ ಕಾಗದದಲ್ಲಿ ಉಳಿದರೆ ಅದೇ ಕೊಳೆತು ಬೆಳ್ಳಿಯನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಲೇಪನದ ಆರ್‌ಸಿ ಪೇಪರ್ ನಾಲ್ಕು ನಿಮಿಷ ಹರಿಯುವ ನೀರಲ್ಲಿ ತೊಳೆದರೆ ಸಾಕು. ಹಳೆಯ ಫೈಬರ್ ಪೇಪರ್ ಹಾಗಲ್ಲ, ಅದು ಹೈಪೋವನ್ನು ನೂಲುನೂಲಿಗೂ ಕುಡಿದಿರುತ್ತದೆ. ಒಂದು ಗಂಟೆ ತೊಳೆಯಬೇಕು. ಸೋಡಿಯಂ ಸಲ್ಫೈಟ್ ನೀರಲ್ಲಿ ಅದ್ದಿ ತೊಳೆದರೆ ಆ ಹೊತ್ತು ಸ್ವಲ್ಪ ಕಡಿಮೆಯಾಗುತ್ತದೆ. ಸಂಜೆ ಆರಾಯಿತು, ಮನೆಗೆ ಹೊರಡಬೇಕು ಅಂದಾಗ ಆ ಒಂದು ಗಂಟೆ ಇಪ್ಪತ್ತು ನಿಮಿಷವಾಗುತ್ತದೆ. ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ನಾನು ಒಪ್ಪಿಕೊಳ್ಳುತ್ತೇನೆ.

ಇದು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. ಫೋಟೊಗ್ರಫಿ ಹುಟ್ಟಿ ಇನ್ನೂ 20 ವರ್ಷ ತುಂಬುವ ಮೊದಲೇ ಜನ ತಮ್ಮ ಚಿತ್ರಗಳು ಮಾಯವಾಗುತ್ತಿವೆ ಅಂತ ಗೋಳಾಡಿದರು. 1855ರಲ್ಲಿ ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿ ಇದನ್ನು ನೋಡಲೆಂದೇ ಒಂದು ಸಮಿತಿ ಮಾಡಿತು. ಹೆಸರೇ ಫೇಡಿಂಗ್ ಕಮಿಟಿ. ಅವರು ಕಂಡುಕೊಂಡದ್ದೂ ಅದೇ, ಸರಿಯಾಗಿ ತೊಳೆಯದೆ ಉಳಿದ ಹೈಪೋ ಮತ್ತು ಗಾಳಿಯ ಗಂಧಕ. ಚಿನ್ನದ ಟೋನಿಂಗ್ ಮಾಡಿ ಅಂತ ಹೇಳಿದರು. ಚಿನ್ನದ ಉಪಾಯ ಅದಕ್ಕೂ ಹಿಂದಿನದು. ಬೆಳ್ಳಿ ಲೇಪಿಸಿದ ತಾಮ್ರದ ತಟ್ಟೆಯ ಮೇಲಿನ ಡಾಗೆರೋಟೈಪ್ ಚಿತ್ರಗಳಿಗೆ ಫ್ರಾನ್ಸಿನ ಹಿಪೊಲೈಟ್ ಫಿಜೋ 1840ರಲ್ಲೇ ಗೋಲ್ಡ್ ಕ್ಲೋರೈಡ್ ಹಾಕಿ ಗಟ್ಟಿ ಮಾಡಿದ್ದರು.

ಇಲ್ಲಿ ನಾನೇ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ತಿಳಿದವರು ನನ್ನ ಮೇಲೂ ಪತ್ರ ಬರೆಯುತ್ತಾರೆ. ಕಂದಾಗಿರುವುದೆಲ್ಲ ಸಲ್ಫೈಡ್ ಅಲ್ಲ. 19ನೇ ಶತಮಾನದ ಬಹುಪಾಲು ಪ್ರಿಂಟುಗಳು ಅಲ್ಬುಮೆನ್ ಕಾಗದದವು, 1850ರಲ್ಲಿ ಬಂದ ಮೊಟ್ಟೆಯ ಬಿಳಿಲೋಳೆ ಹಚ್ಚಿದ ಕಾಗದ. ಅವನ್ನು ಡೆವಲಪರ್‌ಗೆ ಹಾಕುತ್ತಲೇ ಇರಲಿಲ್ಲ. ನೆಗೆಟಿವ್ ಕೆಳಗೆ ಕಾಗದ ಇಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ತಾನಾಗಿ ಮೂಡುತ್ತಿತ್ತು. ಹಾಗೆ ಮೂಡಿದ ಬೆಳ್ಳಿಯ ಕಣ ತೀರಾ ಸಣ್ಣದು, ಅದು ಹುಟ್ಟಿನಿಂದಲೇ ಕೆಂಗಂದು. ಚಿನ್ನ ಹಾಕಿದರೆ ನೇರಳೆ ಮಿಶ್ರಿತ ಕಂದು. ಆ ಲೋಳೆಯ ಪದರ ಹಳದಿಯಾಗುವುದೂ ನಿಜ. ಅಂದರೆ ಅಲ್ಲೂ ಕಂದು ಬಣ್ಣ ಮೊದಲೇ ಇತ್ತು, ಕಾಲ ಕೊಟ್ಟದ್ದು ಹಳದಿಯನ್ನು ಮಾತ್ರ. ಸೆಪಿಯಾ ಅನ್ನುವ ಹೆಸರು ಬಂದಿರುವುದು ಕಟಲ್ ಫಿಶ್ ಎಂಬ ಕಡಲ ಜೀವಿಯ ಶಾಯಿಯಿಂದ. ಚಿತ್ರಕಾರರು ಬಳಸುತ್ತಿದ್ದ ಕಂದು ಶಾಯಿ ಅದು. ಫೋಟೊಗೆ ಆ ಶಾಯಿ ಹಾಕುತ್ತಾರೆ ಅಂತ ನಂಬಿದವರೂ ಇದ್ದಾರೆ. ಬಣ್ಣದ ಹೋಲಿಕೆಗೆ ಬಂದ ಹೆಸರು ಅಷ್ಟೆ. ಪ್ರಿಂಟನ್ನು ಟೀ ನೀರಲ್ಲಿ ಅದ್ದುವವರಿಗೂ ಒಂದು ಮಾತು: ಅದು ಕಾಗದಕ್ಕೆ ಹಿಡಿದ ಕಲೆ. ಒಳಗಿನ ಬೆಳ್ಳಿ ಇದ್ದ ಹಾಗೇ ಇರುತ್ತದೆ.

ಬಾಳಿಕೆ ವಿಷಯಕ್ಕೆ ಪುಸ್ತಕ ಓದಿ ನಾನು ನಂಬಿದ್ದಲ್ಲ. ನಮ್ಮ ಮನೆಯ ಬೀರು ನಂಬಿಸಿತು. ಒಂದು ವರ್ಷ ಮರದ ಬೀರುವಿಗೆ ಒಳಗೂ ಹೊರಗೂ ಆಯಿಲ್ ಪೇಂಟ್ ಹೊಡೆಸಿ, ಒಣಗಿತು ಅಂತ ವಾರದಲ್ಲೇ ಪ್ರಿಂಟುಗಳ ಕಟ್ಟು ಒಳಗಿಟ್ಟೆ. ಏಳೆಂಟು ತಿಂಗಳಾದ ಮೇಲೆ ತೆಗೆದೆ. ಟೋನ್ ಮಾಡದ ಆರ್‌ಸಿ ಪ್ರಿಂಟುಗಳ ಮೇಲೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಚುಕ್ಕೆ, ಆಕಾಶವೆಲ್ಲ ಸೊಳ್ಳೆ ಕಚ್ಚಿದ ಹಾಗೆ. ಅದೇ ಕಟ್ಟಿನ ನಡುವೆ ಸೆಪಿಯಾ ಮಾಡಿದ ಮೂರು, ಸೆಲೆನಿಯಂ ಅನ್ನುವ ಇನ್ನೊಂದು ಟೋನರ್ ಹಾಕಿದ ಎರಡು ಪ್ರಿಂಟ್ ಇದ್ದವು. ಅವಕ್ಕೆ ಏನೂ ಆಗಿರಲಿಲ್ಲ. ಪೇಂಟಿನಿಂದ ಏಳುವ ಪೆರಾಕ್ಸೈಡ್ ಆವಿ ಬೆಳ್ಳಿಗೆ ಆಗಿಬರುವುದಿಲ್ಲ. ಆವತ್ತಿನಿಂದ ನನ್ನ ಯಾವ ಪ್ರಿಂಟೂ ಟೋನರ್ ಕಾಣದೆ ಒಣಗಿಲ್ಲ.

ಸೆಲೆನಿಯಂ ಅಂದೆನಲ್ಲ, ನನಗೆ ಅದರ ಮೇಲೇ ಪ್ರೀತಿ ಜಾಸ್ತಿ. ಸೆಪಿಯಾ ನಾಲ್ಕು ಜನರಿಗೆ ಕಾಣುವ ಹಾಗೆ ಕೆಲಸ ಮಾಡುತ್ತದೆ. ಸೆಲೆನಿಯಂ ಮಾಡಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಬಾಟಲಿಯ ದ್ರಾವಣ ಒಂದು ಪಾಲು, ನೀರು 20 ಪಾಲು. ಪಕ್ಕದ ಟ್ರೇಯಲ್ಲಿ ಅದೇ ಚಿತ್ರದ ಟೋನ್ ಮಾಡದ ಒದ್ದೆ ಪ್ರಿಂಟ್ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಣ್ಣು ಮೋಸ ಮಾಡುತ್ತದೆ. ಮೂರು ನಿಮಿಷ ಏನೂ ಆಗಿಲ್ಲ ಅನಿಸುತ್ತದೆ. ಆಮೇಲೆ ಪಕ್ಕದ್ದನ್ನು ನೋಡಿದರೆ ಅದು ಹಸಿರು ಮಿಶ್ರಿತ ಮಂಕಾಗಿ ಕಾಣುತ್ತದೆ. ನಿಮ್ಮ ಕೈಯಲ್ಲಿರುವುದರ ಕಪ್ಪು ಇನ್ನೂ ಕೆಳಕ್ಕೆ ಇಳಿದಿರುತ್ತದೆ, ಬಾವಿಯ ನೀರಿನ ಹಾಗೆ. ಬೆಚ್ಚಗಿನ ಟೋನಿನ, ಅಂದರೆ ಕಪ್ಪಿನಲ್ಲೇ ಕಂದು ಛಾಯೆ ಇರುವ ಪೇಪರ್ ಆದರೆ, ದ್ರಾವಣ ಗಟ್ಟಿ ಇದ್ದರೆ, ನೇರಳೆ ಕಂದಿನ ಕಡೆಗೆ ಹೊರಡುತ್ತದೆ. ಸರಿಯಾದ ಕ್ಷಣಕ್ಕೆ ಎತ್ತಿ ನೀರಿಗೆ ಹಾಕಬೇಕು.

ಸೆಪಿಯಾದ ಬ್ಲೀಚು ಬೆಳಕಿನ ಕಡೆಯಿಂದ ಒಳಗೆ ಬರುತ್ತದೆ, ಮೊದಲು ಕೆನ್ನೆ, ಕೊನೆಗೆ ಕೋಟು. ಸೆಲೆನಿಯಂ ನೆರಳಿನ ಕಡೆಯಿಂದ ಬರುತ್ತದೆ. ಹಾಗಾಗಿ ಎರಡನ್ನೂ ಕೂಡಿಸಬಹುದು. ಬ್ಲೀಚಿನಲ್ಲಿ ಅರ್ಧ ನಿಮಿಷ ಮಾತ್ರ ಇಟ್ಟು, ಬೆಳಕಿನ ಭಾಗವನ್ನಷ್ಟೇ ಕಂದು ಮಾಡಿ, ಆಮೇಲೆ ಸೆಲೆನಿಯಂಗೆ ಹಾಕಿದರೆ ಮುಖ ಬೆಚ್ಚಗೆ, ಹಿಂದಿನ ಕತ್ತಲು ತಣ್ಣಗೆ. ಒಳ್ಳೆಯ ಪೋರ್ಟ್ರೇಟಿಗೆ ಇದಕ್ಕಿಂತ ಬೇರೆ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸೆಲೆನಿಯಂಗೆ ಒಂದು ಕೆಟ್ಟ ಗುಣವಿದೆ, ಚಾಡಿ ಹೇಳುತ್ತದೆ. ಫಿಕ್ಸರ್ ಸವೆದಿದ್ದರೆ ಬಿಳಿ ಭಾಗದಲ್ಲಿ ಕರಗದೆ ಉಳಿದ ಬೆಳ್ಳಿ ಲವಣ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸೆಲೆನಿಯಂಗೆ ಹಾಕಿದ ತಕ್ಷಣ ಅಲ್ಲೆಲ್ಲ ಕೊಳಕು ಹಳದಿ ಕಲೆ ಏಳುತ್ತದೆ. ಒಮ್ಮೆ ಪ್ರದರ್ಶನಕ್ಕೆ ಅಂತ ಹಾಕಿದ 11 ಪ್ರಿಂಟ್ ಹೀಗೇ ಹೋದವು. ಫಿಕ್ಸರ್ ಹೊಸದು ಮಾಡಿ ಅಂತ ಹುಡುಗ ಹೇಳಿದ್ದ, ಇನ್ನೊಂದು ದಿನ ಬರುತ್ತದೆ ಬಿಡೋ ಅಂದವಳು ನಾನೇ. ಆಮೇಲೆ ಎರಡು ಟ್ರೇ ಫಿಕ್ಸರ್ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ, ಹಳೆಯದರಲ್ಲಿ ಮೊದಲು, ಹೊಸದರಲ್ಲಿ ಆಮೇಲೆ. ಬಿಳಿ ಅಂಚಿನ ಮೇಲೆ ತೆಳು ಮಾಡಿದ ಸಲ್ಫೈಡ್‌ನ ಒಂದು ಹನಿ ಬಿಟ್ಟು ನೋಡುವುದನ್ನೂ ಕಲಿತೆ. ಎರಡು ಮೂರು ನಿಮಿಷ ಬಿಟ್ಟು ಒರೆಸಿದಾಗ ತೆಳು ಕೆನೆ ಬಣ್ಣಕ್ಕಿಂತ ಜಾಸ್ತಿ ಕಲೆ ಕಂಡರೆ ಮತ್ತೆ ಫಿಕ್ಸರ್‌ಗೆ. ಸೆಲೆನಿಯಂ ವಿಷ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬರಿಗೈ ಹಾಕಬಾರದು, ಗಾಳಿ ಆಡಬೇಕು, ಸಿಂಕಿಗೆ ಚೆಲ್ಲಬಾರದು. ಅಮೋನಿಯಾ ವಾಸನೆ ಮೂಗಿಗೆ ಬಡಿದರೆ ಕಿಟಕಿ ಮುಚ್ಚಿದೆ ಅಂತ ಅರ್ಥ.

ನೀಲಿ ಟೋನರ್ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಕಬ್ಬಿಣದ ಲವಣದಿಂದ ಆಗುತ್ತದೆ, ಅದೇ ಪ್ರಷ್ಯನ್ ನೀಲಿ. ಒಂದು ಕಾಲಕ್ಕೆ ಎಲ್ಲರಿಗೂ ಬೆಳದಿಂಗಳು ಬೇಕಿತ್ತು, ಹಗಲಲ್ಲಿ ತೆಗೆದ ಕೆರೆಯನ್ನೆಲ್ಲ ನೀಲಿ ಮಾಡಿಕೊಟ್ಟೆ. ಬಾಳಿಕೆಗೆ ನಂಬುವ ಹಾಗಿಲ್ಲ. ಕ್ಷಾರದ ನೀರಲ್ಲಿ ಸ್ವಲ್ಪ ಜಾಸ್ತಿ ತೊಳೆದರೆ ನೀಲಿ ಕಣ್ಣೆದುರೇ ಹರಿದುಹೋಗುತ್ತದೆ. ಚಿನ್ನ ನಾನು ಮೂರೇ ಸಲ ಮಾಡಿದ್ದು. ಸೆಪಿಯಾ ಮಾಡಿದ ಪ್ರಿಂಟನ್ನು ಗೋಲ್ಡ್ ಟೋನರ್‌ಗೆ ಹಾಕಿದರೆ ಕಂದು ಹೋಗಿ ಕಿತ್ತಳೆ ಕೆಂಪು ಬರುತ್ತದೆ. ಅದೇ ಟೋನರ್‌ಗೆ ಬೆಚ್ಚಗಿನ ಟೋನಿನ ಪ್ರಿಂಟನ್ನು ನೇರ ಹಾಕಿದರೆ ನೀಲಿಗಪ್ಪು. ಯಾಕೆ ಹೀಗೆ ಅಂತ ಮೇಷ್ಟ್ರನ್ನು ಕೇಳಿದ್ದೆ. ಚಿನ್ನಕ್ಕೆ ಕೊಬ್ಬು ಅಂದರು.

ಈಗ ನನ್ನ ದೂರು.

ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆ (ನಿಮ್ಮದಲ್ಲ, ಹೆಸರು ಬೇಡ) ಡಾರ್ಕ್‌ರೂಮಿನ ಬಗ್ಗೆ ಲೇಖನ ಮಾಡುತ್ತೇವೆ ಅಂತ ನನ್ನಿಂದ ಒಂದು ಪ್ರಿಂಟ್ ತೆಗೆದುಕೊಂಡು ಹೋಯಿತು. ಸೆಲೆನಿಯಂ ಮಾಡಿದ ಫೈಬರ್ ಪ್ರಿಂಟ್. ಕಿಟಕಿ ಪಕ್ಕ ಒಬ್ಬ ಹುಡುಗಿ, ಬಿಳಿ ಪರದೆ. ಆ ಪರದೆಯ ಬಿಳಿಗೆ ನಾನು ಎರಡು ದಿನ ಒದ್ದಾಡಿದ್ದೆ. ಪರದೆ ಬಿಳಿಯಾಗಿರಬೇಕು, ಅದರ ನೇಯ್ಗೆಯೂ ಕಾಣಬೇಕು. ಅಚ್ಚಾಗಿ ಬಂದಾಗ ನೋಡಿದರೆ ಇಡೀ ಚಿತ್ರ ಕಂದು. ಕಂಪ್ಯೂಟರಿನಲ್ಲಿ ಸೆಪಿಯಾ ಅನ್ನುವ ಬಟನ್ ಒತ್ತಿದ್ದರು. ಪರದೆ ಹಳದಿ, ಹುಡುಗಿಯ ಹಲ್ಲೂ ಹಳದಿ. ಅಂಚಿಗೆ ಸುಮ್ನೆ ಒಂದಷ್ಟು ಗೀರು, ಮೂಲೆಯಲ್ಲಿ ಮಡಿಸಿದ ಗುರುತು ಬೇರೆ ಸೇರಿಸಿದ್ದರು. ಪಕ್ಕದ ಮನೆಯವರು ನೋಡಿ, ಇದು ಯಾವ ಕಾಲದ್ದು ನಿಮ್ಮ ಅಜ್ಜಿನಾ ಅಂದರು. ಆ ಹುಡುಗಿ ಆಗ ಕಾಲೇಜಿಗೆ ಹೋಗುತ್ತಿದ್ದಳು. ಫೋನ್ ಮಾಡಿ ಕೇಳಿದರೆ, ಹಳೇ ಫೀಲ್ ಬರಲಿ ಅಂತ ಮೇಡಂ ಅಂದರು.

ಪೂರ್ತಿ ಟೋನ್ ಮಾಡಿದ ನಿಜವಾದ ಸೆಪಿಯಾದಲ್ಲೂ ಕಾಗದದ ಬಿಳಿ ಬಿಳಿಯಾಗೇ ಇರುತ್ತದೆ. ಬೆಳ್ಳಿ ಇದ್ದ ಕಡೆ ಮಾತ್ರ ಬಣ್ಣ. ಬಟನ್ ಒತ್ತಿದರೆ ಬೆಳ್ಳಿಯೂ ಇಲ್ಲ ಕಾಗದವೂ ಇಲ್ಲ, ಎಲ್ಲದಕ್ಕೂ ಒಂದೇ ಬಣ್ಣ ಬಳಿದ ಹಾಗೆ. ನಿಮ್ಮ ಪುರವಣಿಯ ಆ ಪುಟದಲ್ಲೂ ನಾಲ್ಕು ಫೋಟೊಗಳಲ್ಲಿ ಮೂರು ಹೀಗೇ ಇದ್ದವು ಅಂತ ನನಗೆ ಅನುಮಾನ. ಮೂರರ ಕಂದೂ ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ. ಬೇರೆ ಬೇರೆ ಕಾಲದ, ಬೇರೆ ಬೇರೆ ಪೇಪರಿನ, ಬೇರೆ ಬೇರೆಯವರು ತೊಳೆದ ಪ್ರಿಂಟುಗಳು ಒಂದೇ ಬಣ್ಣಕ್ಕೆ ಬರುವುದಿಲ್ಲ. ನಾನು ಒಂದೇ ದಿನ ಒಂದೇ ಟ್ರೇಯಲ್ಲಿ ಮಾಡಿದ ಆರು ಪ್ರಿಂಟೇ ಒಂದೇ ಬಣ್ಣಕ್ಕೆ ಬಂದಿಲ್ಲ.

ಕೇಳಿಕೊಳ್ಳುವುದು ಇಷ್ಟು. ಫೋಟೊ ಕಪ್ಪು ಬಿಳುಪಾಗಿದ್ದರೆ ಹಾಗೇ ಹಾಕಿ. ಕಂದಾಗಿದ್ದರೆ ಅದನ್ನು ತಿದ್ದಿ ಕಪ್ಪು ಮಾಡಬೇಡಿ. ಓದುಗರಿಂದ ಹಳೆಯ ಚಿತ್ರ ತರಿಸಿಕೊಳ್ಳುವಾಗ ಬಣ್ಣದ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ ಕಳಿಸಲು ಹೇಳಿ. ಬೂದು ಮೋಡ್‌ನಲ್ಲಿ ಮಾಡಿದರೆ ಅದು ಟೋನ್ ಮಾಡಿದ್ದೋ ಮಾಸಿದ್ದೋ ಅನ್ನುವ ಸುಳಿವೇ ಹೋಗುತ್ತದೆ. ಸ್ಕ್ಯಾನ್ ಆಯಿತಲ್ಲ ಅಂತ ಮೂಲ ಪ್ರಿಂಟ್ ಎಸೆಯುವವರು ಇದ್ದಾರೆ, ದಯವಿಟ್ಟು ಅವರಿಗೂ ಒಂದು ಮಾತು ಹೇಳಿ. ನಿಮ್ಮ ಬರಹದಲ್ಲಿ ಅಂಟು ಹಾಳೆಯ ಆಲ್ಬಂ ಒಳ್ಳೆಯದು ಅಂತ ಇತ್ತು. ಅದರ ಅಂಟೂ ಮೇಲಿನ ಪ್ಲಾಸ್ಟಿಕ್ಕೂ ಎರಡೂ ಫೋಟೊಗೆ ಶತ್ರು. ಅಂಟಿಕೊಂಡಿದ್ದರೆ ಕಿತ್ತು ಹರಿಯಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ.

ಈ ಪತ್ರದ ಜೊತೆ ಒಂದು ಪುಟ್ಟ ಫೈಬರ್ ಪ್ರಿಂಟ್ ಇಟ್ಟಿದ್ದೇನೆ. ಬೆಟ್ಟ, ಮೇಲೆ ಮೋಡ. ಉದ್ದಕ್ಕೆ ಹಿಡಿದು ಕೆಳಗಿನ ಅರ್ಧವನ್ನು ಮಾತ್ರ ಬ್ಲೀಚಿಗೂ ಸಲ್ಫೈಡಿಗೂ ಅದ್ದಿದ್ದೇನೆ. ಕೈ ಸ್ವಲ್ಪ ನಡುಗಿದ್ದರಿಂದ ನಡುವಿನ ಗೆರೆ ಸೊಟ್ಟ. ಕೆಳಗೆ ಕಂದು, ಮೇಲೆ ಕಪ್ಪು. ಮುದ್ದಾಂ ಹದಿನೈದೇ ನಿಮಿಷ ತೊಳೆದಿದ್ದೇನೆ. ನಿಮ್ಮ ಕಚೇರಿಯ ಗೋಡೆಗೆ, ಗಾಜು ಗೀಜು ಹಾಕದೆ, ಹಾಗೇ ಸಿಕ್ಕಿಸಿಡಿ. ಹೊಸದಾಗಿ ಪೇಂಟ್ ಹೊಡೆಸುವಾಗಲೂ ತೆಗೆಯಬೇಡಿ. ಯಾವ ಅರ್ಧ ಮೊದಲು ಕೆಡುತ್ತದೆ ನೋಡಿ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಇವತ್ತಿನ ತಾರೀಖು ಬರೆದಿದ್ದೇನೆ. ಪಿನ್ ಚುಚ್ಚುವುದಾದರೆ ಬಿಳಿ ಅಂಚಿಗೆ ಚುಚ್ಚಿ, ಮೋಡಕ್ಕೆ ಬೇಡ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ,
ನಿವೃತ್ತ ಡಾರ್ಕ್‌ರೂಂ ಪ್ರಿಂಟರ್